ಸರತಿಯಲ್ಲಿ ಕಲಿತ ಇಟಾಲಿಯನ್

ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಮೂರನೇ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಮೆಲ್ಬರ್ನಿನ ಒಂದು ವೃದ್ಧಾಶ್ರಮದ ಹದಿನಾಲ್ಕನೇ ಕೋಣೆಯೊಳಗೆ, ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ನಿಂತಿದ್ದೆ. ಕೈಯಲ್ಲಿ ಎರಡು ಟವೆಲ್ ಇದ್ದವು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಂಜೀತ್ ಕೌರ್ ಮಂಚದ ಆಚೆ ಬದಿಗೆ, ಕಿಟಕಿಯ ಹತ್ತಿರ, ಹಾಸಿಗೆಯಿಂದ ಎತ್ತುವ ಯಂತ್ರದ, ಲಿಫ್ಟರಿನ, ಪಟ್ಟಿ ಹಿಡಿದು ನಿಂತಿದ್ದಳು. ಸ್ನಾನಕ್ಕೆ ಕರೆದೊಯ್ಯಲು ಎತ್ತಬೇಕಾಗಿದ್ದವರು ಅಸುಂತಾ. ಅವರಿಗೆ ಎಂಬತ್ತೆಂಟು ವರ್ಷ. ಮಂಜೀತ್ ಪಟ್ಟಿಯನ್ನು ಅವರ ಬೆನ್ನಿನ ಕೆಳಗೆ ಸರಿಸುತ್ತಿದ್ದಂತೆ ಅವರು ತಮ್ಮ ಎಡಗೈಯನ್ನು ಎಡ ಸೊಂಟದ ಮೇಲಿಟ್ಟು ನನ್ನ ಮುಖ ನೋಡಿ ಮಾತಾಡಿದರು. ಇಟಾಲಿಯನ್ನಿನಲ್ಲಿ ಮಾತಾಡಿದರು. ನನಗೆ ಅರ್ಥವಾಯಿತು.

ಇಷ್ಟು ವಿವರ ಯಾಕೆ ಹೇಳುತ್ತೇನೆಂದರೆ, ಆಮೇಲೆ ತಯಾರಾದ ಕಾಗದಗಳಲ್ಲಿ ಆ ಕೋಣೆಯಲ್ಲಿ ಅವರು ಮಾತೇ ಆಡಲಿಲ್ಲ ಎಂದಿದೆ.

ಈಗ ನಾವು ಸಿಡ್ನಿಯಲ್ಲಿದ್ದೇವೆ, ಕ್ವೇಕರ್ಸ್ ಹಿಲ್‌ನಲ್ಲಿ. ಹೋದ ತಿಂಗಳು ಮಗಳ ಈಜಿನ ಸ್ಪರ್ಧೆಗೆಂದು ಫೈವ್ ಡಾಕ್ ಕಡೆ ಹೋದಾಗ ಅವಳನ್ನು ಬಿಟ್ಟು, ಒಂದು ಗಂಟೆ ಕಳೆಯಬೇಕಲ್ಲ ಎಂದು, ಅಲ್ಲಿಯ ಇಟಾಲಿಯನ್ ಅಂಗಡಿಯೊಂದಕ್ಕೆ ನುಗ್ಗಿದೆ. ಬಾಗಿಲ ಬಳಿ ಉಪ್ಪುಹಾಕಿ ಒಣಗಿಸಿದ ದೊಡ್ಡ ಮೀನು ಹಲಗೆಗಳ ಹಾಗೆ ನಿಲ್ಲಿಸಿದ್ದರು. ಕರಾವಳಿಯಲ್ಲಿ ಹುಟ್ಟಿದವನಿಗೆ ಒಣಮೀನಿನ ವಾಸನೆ ಮೊದಲು ಊರನ್ನು ನೆನಪಿಸಬೇಕು. ನನಗೆ ನೆನಪಾದದ್ದು ಮೆಲ್ಬರ್ನಿನ ಕ್ಲೇಟನ್, ಅಲ್ಲಿಯ ಪೀನಾ ಅವರ ಅಂಗಡಿ. ಏನೂ ಕೊಳ್ಳದೆ ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಬರೆದು ಇಡಬೇಕೆಂದು ಆಗಲೇ ತೀರ್ಮಾನಿಸಿದೆ.

ಆ ವರ್ಷ ನಾವು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಎರಡು ಕೋಣೆಯ ಯೂನಿಟ್ಟಿನಲ್ಲಿದ್ದೆವು. ನಮ್ಮ ಮನೆಮಾತು ಕೊಂಕಣಿ. ಆದರೆ ಹೆಂಡತಿ ಜೆಸಿಂತಾ ಮೈಸೂರಿನಲ್ಲಿ ಬೆಳೆದವಳು, ಅವಳ ಕೊಂಕಣಿ ಕೇಳಿದರೆ ಶಿರ್ವದ ನನ್ನ ಅಮ್ಮನಿಗೆ ನಗು ತಡೆಯುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೂ ಆಡುವುದು ಕನ್ನಡ. ಮಗಳು ಎರಡನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಊರಲ್ಲಿ ನಾನು ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಇಲ್ಲಿ ಬಂದು ಮುದುಕರನ್ನು ನೋಡಿಕೊಳ್ಳುವ ಕೋರ್ಸ್ ಮಾಡಿ, ಕ್ಲೇಟನ್ ಹತ್ತಿರದ ಆ ವೃದ್ಧಾಶ್ರಮಕ್ಕೆ ಸೇರಿದ್ದೆ. ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಅದರ ಅರ್ಜಿಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಇನ್ನಷ್ಟು ಅಂಕ ಬೇಕಾಗಿತ್ತು. ಮಾಲೀಕರ ಪತ್ರವೂ ಬೇಕಾಗಿತ್ತು.

ಅಸುಂತಾ ನನ್ನ ಪಾಳಿಯ ಕೋಣೆಗಳಲ್ಲಿ ಒಂದರಲ್ಲಿದ್ದರು. ಇಪ್ಪತ್ತರ ವಯಸ್ಸಿನಲ್ಲಿ ಇಟಲಿಯಿಂದ ಹಡಗು ಹತ್ತಿ ಬಂದವರು, ಮೂವತ್ತು ವರ್ಷ ನೇಯ್ಗೆಯ ಕಾರ್ಖಾನೆಯಲ್ಲಿ ದುಡಿದವರು. ಮರೆವಿನ ಕಾಯಿಲೆ ಹಿಡಿದಾಗ ಇಲ್ಲಿಗೆ ಬಂದ ಮೇಲೆ ಕಲಿತದ್ದು ಮೊದಲು ಹೋಯಿತು. ಇಂಗ್ಲಿಷ್ ಪೂರ್ತಿ ಹೋಯಿತು. ಅವರ ಕಡತದ ಮೊದಲ ಪುಟದಲ್ಲಿ ‘ಮಾತಿಲ್ಲ’ ಎಂದು ಬರೆದಿತ್ತು. ಅದರ ಕೆಳಗೆ, ‘ಒಂದೇ ಶಬ್ದವನ್ನು ಗೊಣಗುತ್ತಾರೆ, ನಿಲ್ಲಿಸುತ್ತಾರೆ, ಆಮೇಲೆ ಉದ್ರೇಕಗೊಳ್ಳುತ್ತಾರೆ.’

ಮಾರ್ಚ್ ತಿಂಗಳ ಒಂದು ಸಂಜೆ ಅವರ ಹಾಸಿಗೆ ಬದಲಿಸುವಾಗ ನಾನು ಆ ಗೊಣಗಾಟ ಕೇಳುತ್ತಾ ನಿಂತೆ. ಪದಗಳು ಗೊತ್ತಿಲ್ಲ, ನಡಿಗೆ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಸಂಜೆ ತೇರ್ಸ್ ಮಾಡುತ್ತೇವೆ, ಎಲ್ಲರೂ ಕುಳಿತು ಜಪಮಾಲೆ ಹೇಳುವುದು. ಒಬ್ಬರು ಪ್ರಾರ್ಥನೆಯ ಮೊದಲ ಅರ್ಧ ಹೇಳಿ ನಿಲ್ಲಿಸಬೇಕು, ಉಳಿದವರು ಎರಡನೇ ಅರ್ಧ ಹೇಳಬೇಕು. ಅಸುಂತಾ ಮೊದಲ ಅರ್ಧ ಹೇಳಿ ನಿಲ್ಲಿಸುತ್ತಿದ್ದರು. ಕಾಯುತ್ತಿದ್ದರು. ಯಾರೂ ಉತ್ತರ ಕೊಡುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಹೇಳುತ್ತಿದ್ದರು, ಮತ್ತೆ ಕಾಯುತ್ತಿದ್ದರು. ಹೀಗೆ ಎರಡು ವರ್ಷ ಆ ಮುದುಕಿ ಗೋಡೆಗೆ ಪ್ರಾರ್ಥನೆ ಹೇಳಿದ್ದಾರೆ. ಸಿಟ್ಟು ಬರದೆ ಇರುತ್ತದೆಯೇ?

ಅವರು ನಿಲ್ಲಿಸಿದ ಕಡೆ ನಾನು ಎರಡನೇ ಅರ್ಧವನ್ನು ಕೊಂಕಣಿಯಲ್ಲಿ ಹೇಳಿದೆ. ಅವರು ತಲೆ ತಿರುಗಿಸಿ ನನ್ನನ್ನು ನೋಡಿದರು. ಆಮೇಲೆ, ಇದರಲ್ಲಿ ವಿಶೇಷವೇನೂ ಇಲ್ಲ ಎನ್ನುವ ಹಾಗೆ, ಮುಂದಿನದಕ್ಕೆ ಹೋದರು. ಜಪಮಾಲೆಯ ಹತ್ತು ಮಣಿ ಮುಗಿಯುವವರೆಗೆ ನಾನು ತಲೆದಿಂಬು ಹಿಡಿದುಕೊಂಡೇ ನಿಂತಿದ್ದೆ. ಮುಗಿದ ಮೇಲೆ ಅವರು ನನ್ನ ಕೈ ಹಿಡಿದು ಉದ್ದಕ್ಕೆ ಏನೇನೋ ಹೇಳಿದರು. ಒಂದು ಮಾತೂ ತಿಳಿಯಲಿಲ್ಲ. ನನಗೆ ನಾಚಿಕೆಯಾಯಿತು.

ಹೀಗೆ ನಾನು ಇಟಾಲಿಯನ್ ಕಲಿಯಲು ಹೊರಟೆ. ಫೋನಿನಲ್ಲಿ ಒಂದು ಪಾಠ ಹಾಕಿಕೊಂಡೆ. ಅದು ಮೂರು ವಾರ ಸೇಬು ತಿನ್ನುವ ಹುಡುಗಿಯ ಬಗ್ಗೆಯೇ ಹೇಳಿತು. ಅಸುಂತಾ ಸೇಬಿನ ವಿಷಯ ಮಾತಾಡುತ್ತಿರಲಿಲ್ಲ.

“ಇಂಗ್ಲಿಷ್ ಪರೀಕ್ಷೆಗೆ ಓದೋ ಟೈಮಲ್ಲಿ ಇಟಾಲಿಯನ್ ಓದೋರು ಈ ದೇಶದಲ್ಲಿ ನೀವೊಬ್ಬರೇ ರೀ,” ಎಂದಳು ಜೆಸಿಂತಾ.

“ಪ್ರಾಕ್ಟೀಸ್ ಮಾಡ್ಲಿಕ್ಕೆ ಜನ ಬೇಕು ಮಾರಾಯ್ತಿ. ಫೋನ್ ಹತ್ರ ಎಂತ ಮಾತಾಡುದು?”

“ಹಾಗಾದ್ರೆ ತರಕಾರಿ ತನ್ನಿ. ಅಂಗಡೀಲಿ ಮಾತಾಡಿ. ಒಂದು ಕೆಲಸಾನಾದ್ರೂ ಆಗುತ್ತೆ.”

ಅವಳು ತಮಾಷೆಗೆ ಹೇಳಿದ್ದು. ನಾನು ಹೋದೆ.

ಪೀನಾ ಅವರ ಅಂಗಡಿ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ. ಹೊರಗೆ ತರಕಾರಿಯ ಪೆಟ್ಟಿಗೆಗಳು, ಒಳಗೆ ಗಾಜಿನ ಕಪಾಟಿನಲ್ಲಿ ಚೀಸು ಮತ್ತು ಮಾಂಸ, ಬಾಗಿಲ ಬಳಿ ಒಣಮೀನು. ಬಂದವರು ಕೆಂಪು ಡಬ್ಬಿಯಿಂದ ನಂಬರಿನ ಚೀಟಿ ಎಳೆದುಕೊಂಡು ಸರತಿಯಲ್ಲಿ ನಿಲ್ಲಬೇಕು. ಪೀನಾ ಅವರಿಗೆ ಎಪ್ಪತ್ತು ದಾಟಿತ್ತು. ನೀಲಿ ಏಪ್ರನ್, ಸರಪಳಿಗೆ ಕಟ್ಟಿದ ಕನ್ನಡಕ, ಇಡೀ ಅಂಗಡಿಗೆ ಕೇಳುವ ಗಂಟಲು.

ಮೊದಲ ದಿನ ನಾನು ಅವರ ಹತ್ತಿರ ತಲುಪುವ ಮೊದಲೇ ಬೈಸಿಕೊಂಡೆ. ಹೊರಗೆ ಬೀನ್ಸ್ ಪೆಟ್ಟಿಗೆಯ ಮುಂದೆ ನಿಂತು, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ, ಒಂದೊಂದೇ ಬೀನ್ಸ್ ತೆಗೆದು ತುದಿ ಮುರಿದು ನೋಡುತ್ತಿದ್ದೆ. ಪಟ್ಟೆಂದರೆ ಎಳೆಯದು, ಚೀಲಕ್ಕೆ. ಬಾಗಿದರೆ ಬಲಿತದ್ದು, ವಾಪಸು ಪೆಟ್ಟಿಗೆಗೆ. ಎಂಟೋ ಹತ್ತೋ ಮುರಿದಿರಬೇಕು. ಪೀನಾ ಗಲ್ಲಾ ಬಿಟ್ಟು ಓಡಿ ಬಂದರು. ಅವರ ಅಂಗಡಿಯಲ್ಲಿ ಗಿರಾಕಿ ತರಕಾರಿ ಮುಟ್ಟುವ ಹಾಗೇ ಇಲ್ಲ, ಮುರಿಯುವ ಮಾತು ಬಿಡಿ. ಇಟಾಲಿಯನ್ನಿನಲ್ಲಿ ಎರಡು ನಿಮಿಷ ಬೈದರು. ಅದು ನನಗೆ ಸಿಕ್ಕ ಮೊದಲ ನಿಜವಾದ ಪಾಠ. ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದ ಒಂದೇ ವಾಕ್ಯವನ್ನು ಹೇಳಿದೆ: “ಕ್ಷಮಿಸಿ ಸಿನ್ಯೋರಾ, ನಾನು ಇಟಾಲಿಯನ್ ಕಲಿಯುತ್ತಿದ್ದೇನೆ.”

ಅವರು ಬೈಗುಳದ ಮಧ್ಯೆ ನಿಂತರು. “ಯಾಕೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಸುಂತಾ ಅವರ ವಿಷಯ, ಹೆಸರು ಹೇಳದೆ, ಹೇಳಿದೆ. ಪೀನಾ ಕನ್ನಡಕ ಏರಿಸಿ ನನ್ನ ಯೂನಿಫಾರ್ಮ್ ನೋಡಿದರು. ನಾನು ಮುರಿದು ಹಾಕಿದ್ದ ಬೀನ್ಸನ್ನೆಲ್ಲ ತಾವೇ ಆರಿಸಿ ನನ್ನ ಚೀಲಕ್ಕೆ ಹಾಕಿ ತೂಗಿದರು. “ಮುರಿದದ್ದೆಲ್ಲ ನಿನ್ನದು,” ಎಂದರು. “ಗುರುವಾರ ಬಾ. ಇಲ್ಲಿ ನಿನಗೆ ಇಂಗ್ಲಿಷಿನಲ್ಲಿ ಏನೂ ಮಾರುವುದಿಲ್ಲ.”

ಹಾಗೆಯೇ ನಡೆಯಿತು. ಗುರುವಾರ ನನ್ನದು ಮಧ್ಯಾಹ್ನದ ಪಾಳಿ. ಹತ್ತೂವರೆಗೆ ಅಂಗಡಿ ತಲುಪಿ ಹನ್ನೆರಡಕ್ಕೆ ಬಿಡುತ್ತಿದ್ದೆ. ಬೇಕಾದ ಸಾಮಾನನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ, ಇಟಾಲಿಯನ್ ಪದ, ಕನ್ನಡ ಅಕ್ಷರ. ಕನ್ನಡದಲ್ಲಿ ಬರೆದರೆ ಆ ಮಾತು ಕಿವಿಗೆ ಬಿದ್ದ ಹಾಗೆಯೇ ಕಾಗದದ ಮೇಲೆ ಕೂರುತ್ತದೆ. ತಪ್ಪಿದರೆ ಪೀನಾ ಸಾಮಾನು ಕೊಡುತ್ತಿರಲಿಲ್ಲ. ಒಮ್ಮೆ ರಿಕೊತ್ತಾ ಎಂಬ ಮೆತ್ತನೆಯ ಚೀಸನ್ನು ಪಾಲಕ್ ಜೊತೆ ಖಾರ ಹಾಕಿ ಹುರಿಯುತ್ತೇನೆ ಎಂದು ಬಾಯಿ ತಪ್ಪಿ ಹೇಳಿದೆ. ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡರು. ಸರತಿಯಲ್ಲಿದ್ದ ಹೆಂಗಸರೆಲ್ಲ ಸೇರಿ ಅದನ್ನು ಹೇಗೆ ಮಾಡಬೇಕೆಂದು ಹೇಳತೊಡಗಿದರು, ಒಬ್ಬೊಬ್ಬರದು ಒಂದೊಂದು ಥರ. ನಾನು ಚೀಟಿಯ ಹಿಂದೆ ಬರೆದುಕೊಂಡೆ. ಮನೆಗೆ ಬಂದು ಖಾರ ಹಾಕಿಯೇ ಮಾಡಿದೆವು.

ಚಳಿ ಬಂತು. ಮೆಲ್ಬರ್ನಿನ ಚಳಿ ಒಣ ಚಳಿಯಲ್ಲ, ದಕ್ಷಿಣದಿಂದ ಗಾಳಿ ಬೀಸಿ ಸಣ್ಣ ಮಳೆ ಅಡ್ಡಕ್ಕೆ ಹೊಡೆಯುತ್ತದೆ. ಜೂನಿನಲ್ಲಿ ಅಂಗಡಿಯ ಸರತಿ ನಿಧಾನವಾಯಿತು, ಮಾತು ಹೆಚ್ಚಾಯಿತು. ಎಪ್ಪತ್ತು ಎಂಬತ್ತರ ಹೆಂಗಸರು ಕೋಟು ಹಾಕಿ ಚೀಟಿ ಹಿಡಿದು ನಿಂತು ತಮ್ಮ ನೋವುಗಳನ್ನೇ ಮಾತಾಡುತ್ತಿದ್ದರು. ಒಬ್ಬರಿಗೆ ಮಂಡಿ, ಒಬ್ಬರಿಗೆ ಭುಜ, ಒಬ್ಬರು ಹೋದ ವರ್ಷ ಅಂಗಳದಲ್ಲಿ ಬಿದ್ದು ಸೊಂಟದ ಕೀಲು ಬದಲಿಸಿಕೊಂಡವರು. ಅವರು ತಾವು ಬಿದ್ದ ಕಥೆಯನ್ನು ಪ್ರತಿ ಗುರುವಾರ ಹೇಳುತ್ತಿದ್ದರು, ಕೇಳದವರು ಯಾರಾದರೂ ಬಂದಿದ್ದರೆ ಮೊದಲಿನಿಂದ. ‘ಬಿದ್ದೆ’ ಎನ್ನುವುದಕ್ಕೆ ‘ಸೊನೊ ಕದೂತಾ’. ಸೊಂಟದ ಕೀಲಿಗೆ ‘ಆಂಕಾ’. ನೋಯುತ್ತದೆ ಎನ್ನುವುದಕ್ಕೆ ‘ಮಿ ಫಾ ಮಾಲೆ’. ತಾಳಿ, ಸ್ವಲ್ಪ ನಿಲ್ಲಿ ಎನ್ನುವುದಕ್ಕೆ ‘ಅಸ್ಪೆತ್ತಿ’, ಅದನ್ನು ಪೀನಾ ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಇವನ್ನೆಲ್ಲ ನಾನು ಚೀಟಿಗಳ ಹಿಂದೆ ಬರೆದುಕೊಂಡೆ, ಬದನೆಕಾಯಿ ಮತ್ತು ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿಯ ಜೊತೆಗೆ.

ಒಂದು ಗುರುವಾರ ನನ್ನ ಹಿಂದೆ ನಿಂತಿದ್ದ ಒಬ್ಬ ಗಂಡಸು, ಕೆಲಸದ ಬೂಟು ಹಾಕಿದ್ದವನು, ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಹೇಳಿದ: “ನೀವಿಬ್ಬರೂ ಇಂಗ್ಲಿಷ್ ಮಾತಾಡಿದರೆ ನಾವೆಲ್ಲ ಬೇಗ ಮನೆಗೆ ಹೋಗಬಹುದು.”

ನಾನು ಬದಿಗೆ ಸರಿಯಲು ಹೋದೆ. ಪೀನಾ ನನ್ನ ತೋಳು ಹಿಡಿದರು. ಬಹಳ ನಿಧಾನವಾಗಿ, ಇಟಾಲಿಯನ್ನಿನಲ್ಲಿ, ನನ್ನ ಮಗಳ ಶಾಲೆ ಹೇಗಿದೆ ಎಂದು ಕೇಳಿದರು. ನಾನು ಉತ್ತರ ಹೇಳಿದೆ. ಹೆಂಡತಿಯ ಕೆಮ್ಮು? ಹೇಳಿದೆ. ಅಮ್ಮ? ಅಮ್ಮನ ಊರಲ್ಲಿ ಈಗ ಮಳೆಯೇ? ಮಳೆ ಎಂದೆ. ಆ ಮನುಷ್ಯ ಚೀಟಿ ಬಿಸಾಡಿ ಹೋದ. ಪೀನಾ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: “ಟ್ರಾಮಿನಲ್ಲಿ ನನಗೆ ಇದನ್ನೇ ಹೇಳಿದಾಗ ನನಗೆ ಹದಿನೇಳು ವರ್ಷ. ಆಗ ಬಾಯಿ ಮುಚ್ಚಿಕೊಂಡೆ. ಈಗ ಅಂಗಡಿ ನನ್ನದು.”

ಆ ಗುರುವಾರದ ನಂತರ ನಾನು ಕೆಲಸದಲ್ಲೂ ದನಿ ತಗ್ಗಿಸುವುದನ್ನು ಬಿಟ್ಟೆ. ಅಲ್ಲಿಯವರೆಗೆ ಅಸುಂತಾ ಜೊತೆ ಇಟಾಲಿಯನ್ನಿನಲ್ಲಿ ಮಾತಾಡುವಾಗ ಬಾಗಿಲು ಮುಚ್ಚುತ್ತಿದ್ದೆ. ಈಗ ತೆರೆದಿಟ್ಟು ಮಾತಾಡತೊಡಗಿದೆ. ಅವರಿಗೆ ಗಂಜಿಯ ಹಾಗಿನ ಓಟ್ಸ್ ಇಷ್ಟವಿಲ್ಲ, ಹಾಲಿಗೆ ಕಾಫಿ ಹಾಕಿ ಬಿಸ್ಕತ್ತು ಅದ್ದಿ ಕೊಟ್ಟರೆ ತಿನ್ನುತ್ತಾರೆ. ಸ್ನಾನಕ್ಕೆ ಗಂಡಸು ಬಂದರೆ ಬೇಡ ಎನ್ನುತ್ತಾರೆ, ಹೆಂಗಸು ಬಂದರೆ ಒಪ್ಪುತ್ತಾರೆ. ಎರಡು ವರ್ಷದಿಂದ ‘ವಿರೋಧಿಸುತ್ತಾರೆ’ ಎಂದು ಬರೆದಿದ್ದದ್ದು ಇಷ್ಟೇ. ಅದಕ್ಕೇ ಆ ಮಂಗಳವಾರ ಪಟ್ಟಿ ಹಾಕುವ ಕೆಲಸ ಮಂಜೀತ್‌ದು, ನನ್ನದು ಟವೆಲ್.

ಅವರು ಹೇಳಿದ್ದು: “ಸೊನೊ ಕದೂತಾ. ಆಂಕಾ. ಮಿ ಫಾ ಮಾಲೆ.” ಬಿದ್ದೆ. ಸೊಂಟ. ನೋಯುತ್ತದೆ.

ನಾನು ಮಂಜೀತ್‌ಗೆ ಹಿಂದಿಯಲ್ಲಿ, ನಿಲ್ಲಿಸು, ಎತ್ತಬೇಡ ಎಂದೆ. ಅಸುಂತಾ ಅವರಿಗೆ “ಅಸ್ಪೆತ್ತಿ, ಸಿನ್ಯೋರಾ” ಎಂದೆ. ಯಾವಾಗ ಬಿದ್ದಿರಿ ಎಂದು ಕೇಳಿದೆ. ನಿನ್ನೆ, ಸಂಜೆ, ಕುರ್ಚಿಯಿಂದ ಎಂದರು. ಯಾರು ಎಬ್ಬಿಸಿದರು? “ಇಬ್ಬರು,” ಎಂದರು. ಹೆಸರು ಅವರಿಗೆ ತಿಳಿಯದು. ನಾನು ಹೊದಿಕೆ ಸರಿಸಿ ನೋಡಿದೆ. ಊತ ಇರಲಿಲ್ಲ, ಗಾಯ ಇರಲಿಲ್ಲ, ಎರಡೂ ಪಾದ ನೆಟ್ಟಗಿದ್ದವು. ಹೊರಗೆ ಕಾಣುವಂಥದ್ದು ಒಂದೂ ಇಲ್ಲ. ಇದ್ದದ್ದು ಅವರ ಮಾತು ಮಾತ್ರ.

ಮಂಜೀತ್ ಹೋಗಿ ಲಿಯಾನ್ ಅವರನ್ನು ಕರೆತಂದಳು. ಲಿಯಾನ್ ನಮ್ಮ ಮ್ಯಾನೇಜರ್, ನರ್ಸ್ ಕೂಡ. ಕೆಟ್ಟ ಹೆಂಗಸಲ್ಲ. ಹುಟ್ಟುಹಬ್ಬಕ್ಕೆ ನಮಗೆಲ್ಲ ಕೇಕ್ ತರುತ್ತಿದ್ದರು. ಅವರು ಒಳಗೆ ಬಂದಾಗ ಅಸುಂತಾ ಅದೇ ಮಾತನ್ನು ಅದೇ ಕೈ ಸೊಂಟದ ಮೇಲಿಟ್ಟು ಮತ್ತೆ ಹೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಲಿಯಾನ್ ದಾಖಲೆಯ ಪುಸ್ತಕ ತಿರುವಿ ನೋಡಿದರು.

“ಬಿದ್ದ ಬಗ್ಗೆ ರಿಪೋರ್ಟ್ ಇಲ್ಲ, ಲಾನ್ಸಿ.”

“ರಿಪೋರ್ಟ್ ಅವರು ಈಗ ಕೊಡುತ್ತಿದ್ದಾರೆ.”

“ಅವರಿಗೆ ಮರೆವು. ಏನೇನೋ ಹೇಳುತ್ತಾರೆ. ನೀನು ದುಭಾಷಿಯಲ್ಲ. ಗುರುವಾರ ಡಾಕ್ಟರ್ ಬರುತ್ತಾರೆ, ನೋಡಲಿ. ಈಗ ಸಮಾಧಾನಕ್ಕೆ ಮಾತ್ರೆ ಕೊಡೋಣ, ಆಮೇಲೆ ಸ್ನಾನ ಮಾಡಿಸಿ.”

“ನಾನು ಎತ್ತುವುದಿಲ್ಲ,” ಎಂದೆ.

ಊರಿನ ಹೋಟೆಲಿನಲ್ಲಿ ಹದಿನೈದು ವರ್ಷ ದುಡಿದವನು ನಾನು. ಮೇಲಿನವರಿಗೆ ‘ಇಲ್ಲ’ ಎಂದದ್ದು ನೆನಪಿಲ್ಲ. ಲಿಯಾನ್ ಮಂಜೀತ್‌ಳ ಮುಖ ನೋಡಿದರು. ಮಂಜೀತ್ ಪಟ್ಟಿಯನ್ನು ಕುರ್ಚಿಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ನಿಂತಳು. ಅವಳು ಸ್ಟೂಡೆಂಟ್ ವೀಸಾದಲ್ಲಿದ್ದಳು.

ಲಿಯಾನ್ ಹೋದ ಮೇಲೆ, ಒಂಬತ್ತು ನಲವತ್ತಕ್ಕೆ, ನಾನು ದಿನದ ದಾಖಲೆಯಲ್ಲಿ ಅಸುಂತಾ ಹೇಳಿದ್ದನ್ನು ಇಂಗ್ಲಿಷಿನಲ್ಲಿ, ಅವರದೇ ಮಾತಿನ ಅರ್ಥ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಬರೆದು ಹೆಸರು ಹಾಕಿದೆ. ಆಮೇಲೆ ಕೋಣೆಯ ಗೋಡೆಯ ಮೇಲಿದ್ದ ಕಾರ್ಡಿನಿಂದ ಅವರ ಮಗನ ನಂಬರ್ ನೋಡಿ ನನ್ನ ಫೋನಿನಿಂದ ಕರೆ ಮಾಡಿದೆ. ನಮ್ಮ ಹುದ್ದೆಯವರು ಮನೆಯವರಿಗೆ ನೇರವಾಗಿ ಫೋನ್ ಮಾಡುವಂತಿಲ್ಲ. ಗೊತ್ತಿದ್ದೇ ಮಾಡಿದೆ.

ಮಗ ರಾಬರ್ಟ್ ಟೈಲ್ಸ್ ಹಾಕುವ ಕೆಲಸದವನು, ಐವತ್ತೈದು ಅರವತ್ತರ ಆಸುಪಾಸು. ಮುಕ್ಕಾಲು ಗಂಟೆಯಲ್ಲಿ ಸಿಮೆಂಟಿನ ಧೂಳು ಮೆತ್ತಿದ ಬಟ್ಟೆಯಲ್ಲೇ ಬಂದ. ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿದ, ಎಲ್ಲಿ ನೋವು ಅಮ್ಮ ಎಂದು. ಅವರು ಯಾರೋ ಹೊರಗಿನವನನ್ನು ನೋಡುವ ಹಾಗೆ ನೋಡಿದರು. ನಾನು ಇಟಾಲಿಯನ್ನಿನಲ್ಲಿ ಕೇಳಿದೆ. ಅವರು ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದರು.

“ನನಗೆ ಅರ್ಥವಾಗುತ್ತದೆ,” ಎಂದ ರಾಬರ್ಟ್, ನನ್ನ ಕಡೆ ನೋಡದೆ. “ಚಿಕ್ಕಂದಿನಿಂದ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಟ್ಟೆ.” ಆಂಬುಲೆನ್ಸಿಗೆ ಫೋನ್ ಮಾಡಿದವನು ಅವನು.

ಎಡ ಸೊಂಟದ ಮೂಳೆ ಮುರಿದಿತ್ತು.

ಮುಂದಿನ ವಾರ ನನ್ನನ್ನು ಆಫೀಸ್ ಕೋಣೆಗೆ ಕರೆದರು. ಲಿಯಾನ್ ಇದ್ದರು, ಹೆಡ್ ಆಫೀಸಿನಿಂದ ಬಂದ ಒಬ್ಬರು ಇದ್ದರು. ಟೈಪ್ ಮಾಡಿದ ಒಂದು ಹೇಳಿಕೆ ಮೇಜಿನ ಮೇಲಿತ್ತು, ನನ್ನ ಹೆಸರಿನಲ್ಲಿ. ನಾಲ್ಕನೇ ಸಾಲಿನಲ್ಲಿ, ‘ನಿವಾಸಿಗೆ ಮಾತಿನ ಮೂಲಕ ಏನನ್ನೂ ತಿಳಿಸಲು ಸಾಧ್ಯವಿರಲಿಲ್ಲ’ ಎಂದಿತ್ತು. ಹೆಡ್ ಆಫೀಸಿನವರು ಪೆನ್ನನ್ನು ನನ್ನ ಕಡೆ ಸರಿಸಿದರು.

“ಇದು ಸರಿಯಿಲ್ಲ,” ಎಂದೆ. “ಅವರು ತಿಳಿಸಿದರು.”

“ನಿಮಗೆ ಇಟಾಲಿಯನ್ ಬರುತ್ತದೆ ಎನ್ನುತ್ತೀರಿ. ಎಲ್ಲಿ ಕಲಿತಿರಿ? ಸರ್ಟಿಫಿಕೇಟ್ ಇದೆಯೇ?”

“ಅಂಗಡಿಯಲ್ಲಿ ಕಲಿತೆ. ತರಕಾರಿ ಕೊಳ್ಳುತ್ತಾ.”

ಅವರು ನಕ್ಕರು. ಕೆಟ್ಟದಾಗಿ ನಗಲಿಲ್ಲ, ನಗು ಬಂತು, ನಕ್ಕರು. ನಾನು ಚೀಲದಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಹದಿನಾರು ಗುರುವಾರದ ಹದಿನಾರು ಚೀಟಿ. ಅವರು ಒಂದನ್ನು ತಲೆಕೆಳಗಾಗಿ ಹಿಡಿದು ನೋಡಿದರು.

“ಇದು ಯಾವ ಭಾಷೆ?”

“ಭಾಷೆ ಇಟಾಲಿಯನ್. ಅಕ್ಷರ ಕನ್ನಡ.” ಚೀಟಿಯನ್ನು ನೇರ ಮಾಡಿ ಕೊಟ್ಟೆ. “ಇದರ ಹಿಂದೆ ಸೊಂಟ ಎಂದು ಬರೆದಿದೆ. ಇದರಲ್ಲಿ ಬಿದ್ದೆ ಎಂದು. ಜೂನ್ ತಿಂಗಳ ಚೀಟಿ.”

“ಇದನ್ನು ನಮ್ಮಿಂದ ಓದಲಾಗುವುದಿಲ್ಲ.”

“ನಾನು ಓದಬಲ್ಲೆ. ಓದಲೇ?”

ಬೇಡ ಎಂದರು. ಲಿಯಾನ್ ಮೃದುವಾಗಿ, ಪಿಆರ್ ಅರ್ಜಿಗೆ ಸಂಸ್ಥೆಯ ಪತ್ರ ತಾವೇ ಬರೆಯಬೇಕಾದದ್ದು, ಇದನ್ನೆಲ್ಲ ಸಲೀಸಾಗಿ ಮುಗಿಸೋಣ ಎಂದರು. ಮನೆಗೆ ತೆಗೆದುಕೊಂಡು ಹೋಗಿ ಯೋಚಿಸು ಎಂದು ಆ ಹಾಳೆಯನ್ನು ಕೊಟ್ಟರು.

ಜೆಸಿಂತಾ ಅಡುಗೆಮನೆಯಲ್ಲಿ ನಿಂತೇ ಓದಿದಳು.

“ಸೈನ್ ಹಾಕ್ಬಿಡಿ ರೀ. ಪಿಆರ್ ಬಂದ್ಮೇಲೆ ಸತ್ಯ ಹೇಳೋಣ. ಸತ್ಯ ಎಲ್ಲಿಗೆ ಹೋಗುತ್ತೆ?”

ಅವಳು ಅಕ್ಕಿ ತೊಳೆದಳು, ಒಲೆ ಹಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, “ಆ ಅಜ್ಜಿ ಏನಂದ್ರು, ಅವರ ಭಾಷೇಲೇ ಹೇಳಿ,” ಎಂದಳು.

ಹೇಳಿದೆ.

“ಇನ್ನೊಂದ್ಸಲ.”

ಹೇಳಿದೆ. ಅವಳು ಒಲೆ ಸಣ್ಣ ಮಾಡಿದಳು. “ಹಾಕ್ಬೇಡಿ. ಮೆಲ್ಬರ್ನ್ ಬಿಟ್ರೆ ಬೇರೆ ಊರು ಇಲ್ವಾ? ಸಿಡ್ನೀಲಿ, ಮಾರ್ಸ್ಡನ್ ಪಾರ್ಕಲ್ಲಿ, ನನ್ನ ತಂಗಿ ವಿಲ್ಮಾ ಇದಾಳೆ.”

ಸಹಿ ಇಲ್ಲದ ಹಾಳೆಯನ್ನು ಮರುದಿನ ವಾಪಸು ಕೊಟ್ಟೆ. ಜಗಳ ಆಗಲಿಲ್ಲ. ನನ್ನ ಪಾಳಿಗಳು ವಾರಕ್ಕೆ ಐದಿದ್ದದ್ದು ಮೂರಾದವು, ಒಂದಾಯಿತು. ಆಗಸ್ಟ್ ಕೊನೆಗೆ ಗೋಡೆಯ ಮೇಲಿನ ರೋಸ್ಟರಿನಲ್ಲಿ ನನ್ನ ಹೆಸರಿರಲಿಲ್ಲ. ಪತ್ರವೂ ಬರಲಿಲ್ಲ.

ಅಷ್ಟರಲ್ಲಿ ಅಸುಂತಾ ಆಸ್ಪತ್ರೆಯಲ್ಲಿದ್ದರು. ಆಪರೇಷನ್ ಆಯಿತು, ಎದೆಯಲ್ಲಿ ಸೋಂಕು ಹಿಡಿಯಿತು. ನಾನು ಮೂರು ಸಲ ಹೋದೆ. ಎರಡನೇ ಸಲ, ಒಂದು ಗುರುವಾರ, ಪೀನಾ ನನ್ನ ಜೊತೆ ಬಂದರು. ಅಂಗಡಿಗೆ ಹನ್ನೊಂದು ಗಂಟೆಗೆ ಬೀಗ ಹಾಕಿ ಬಂದಿದ್ದರು. ಅಸುಂತಾ ಅವರ ಮಂಚದ ಪಕ್ಕ ಕುಳಿತು, ನೀವು ಯಾವ ಊರಿನವರು ಎಂದು ಕೇಳಿದರು. ಅಸುಂತಾ ಹೇಳಿದರು. ಪೀನಾ ಮೂಗು ಮುರಿದರು, ಆ ಊರಿನವರಿಗೆ ಬ್ರೆಡ್ ಮಾಡಲು ಬರುವುದಿಲ್ಲ ಎಂದರು. ಅಸುಂತಾ ಸಿಟ್ಟಿನಿಂದ ಏನೋ ಉತ್ತರ ಕೊಟ್ಟರು. ಇಬ್ಬರೂ ಅರ್ಧ ಗಂಟೆ ಬ್ರೆಡ್ಡಿನ ಮೇಲೆ ಜಗಳವಾಡಿದರು. ಕಡತದಲ್ಲಿ ಮಾತಿಲ್ಲ ಎಂದು ಬರೆಸಿಕೊಂಡ ಹೆಂಗಸು ಒಂದು ಅಂಗುಲವನ್ನೂ ಬಿಟ್ಟುಕೊಡಲಿಲ್ಲ. ರಾಬರ್ಟ್ ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೇಳುತ್ತಾ ಕುಳಿತಿದ್ದ.

ಸೆಪ್ಟೆಂಬರ್ ಮೊದಲ ವಾರ ಅವರು ತೀರಿಕೊಂಡರು.

ವೃದ್ಧಾಶ್ರಮಗಳ ಮೇಲೆ ನಿಗಾ ಇಡುವ ಸರ್ಕಾರಿ ಕಚೇರಿಗೆ ರಾಬರ್ಟ್ ದೂರು ಕೊಟ್ಟ. ನಾನು ಕಂಡದ್ದನ್ನು ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟೆ. ಆಫೀಸಿನ ಹಾಳೆಗೆ ಹಾಕದ ಸಹಿಯನ್ನು ಇದಕ್ಕೆ ಹಾಕಿದೆ. ಒಂದು ವರ್ಷದ ಮೇಲೆ ಬಂದ ಉತ್ತರವನ್ನು ಅವನು ನನಗೆ ಕಳಿಸಿದ. ಬಿದ್ದದ್ದು ಯಾವಾಗ ಎಂದು ಖಚಿತವಾಗಿ ಹೇಳಲಾಗದು. ನೌಕರನೊಬ್ಬ ನಿವಾಸಿಯ ಮಾತು ಅರ್ಥವಾಯಿತು ಎನ್ನುತ್ತಾನೆ, ಅವನ ಭಾಷಾಜ್ಞಾನಕ್ಕೆ ಆಧಾರವಿಲ್ಲ. ಕೋಣೆಯಲ್ಲಿದ್ದ ಇನ್ನೊಬ್ಬ ಕೆಲಸಗಾರ್ತಿ ನಿವಾಸಿ ಮಾತಾಡಲಿಲ್ಲವೆಂದು ಹೇಳಿಕೆ ಕೊಟ್ಟಿದ್ದಾಳೆ. ಮಂಜೀತ್ ಸಹಿ ಹಾಕಿದ್ದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳು. ಇತ್ತು, ಬಹಳ ದಿನ ಇತ್ತು.

ನಾವು ಸಿಡ್ನಿಗೆ ಬಂದೆವು. ಪಿಆರ್ ಮೂರು ವರ್ಷ ತಡವಾಗಿ, ಜೆಸಿಂತಾಳ ಕೆಲಸದ ಮೇಲೆ ಬಂತು. ನಾನು ಇಲ್ಲೂ ಅದೇ ಕೆಲಸ ಮಾಡುತ್ತೇನೆ. ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ, ಯಾವ ಪತ್ರ ಬಂದರೂ ಒಪ್ಪುವುದಿಲ್ಲ. ಅಂಗಡಿಯಲ್ಲಿ ಕಲಿತ ಭಾಷೆ ಆಧಾರವಿಲ್ಲದ್ದು ಎನ್ನುವ ಮಾತು. ನೋವು ತೋಡಿಕೊಳ್ಳಲು ಬೇಕಾದ ಭಾಷೆ ಅಲ್ಲಿಯದೇ, ಸರತಿಯಲ್ಲಿ ನಿಂತ ಮುದುಕಿಯರದೇ. ಅಸುಂತಾ ಆಡಿದ್ದು ಅದನ್ನೇ.

ಇದನ್ನು ಅರ್ಧ ಬರೆದಾಗ ಮಂಜೀತ್‌ಗೆ ಫೋನ್ ಮಾಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ನಿನ್ನ ಹೆಸರು ಬದಲಿಸಿ ಬರೆಯುತ್ತೇನೆ ಎಂದೆ. ಅವಳು ಹಿಂದಿಯಲ್ಲಿ ಹೇಳಿದಳು: “ಬದಲಿಸಬೇಡಿ ಭಾಯ್‌ಸಾಬ್. ಈಗ ನಾನೇ ನರ್ಸ್. ಅವರು ಏನು ಹೇಳಿದರೋ ನನಗೆ ತಿಳಿಯಲಿಲ್ಲ. ಆದರೆ ಹೇಳಿದರು. ಕೈ ಎಲ್ಲಿಟ್ಟು ಹೇಳಿದರು ಎಂದು ನಾನು ನೋಡಿದೆ. ರಾಬರ್ಟ್ ಅವರ ನಂಬರ್ ಕೊಡಿ, ಬರೆದು ಕೊಡುತ್ತೇನೆ.”

ಕೊಟ್ಟಿದ್ದೇನೆ.

ಆ ಮಂಗಳವಾರ ಬೆಳಿಗ್ಗೆ ಹದಿನಾಲ್ಕನೇ ಕೋಣೆಯಲ್ಲಿ ಅಸುಂತಾ ಮಾತಾಡಿದ್ದನ್ನು ಕಂಡವರು ನಾಲ್ವರು, ನಾಲ್ವರೂ ಬದುಕಿದ್ದೇವೆ. ಲಿಯಾನ್ ಅದೇ ಹುದ್ದೆಯಲ್ಲಿದ್ದಾರೆ ಎಂದು ಕೇಳಿದ್ದೇನೆ. ಅವರು ಮಂಚದ ಕಾಲ ಬದಿಯಲ್ಲಿ, ಪುಸ್ತಕ ಹಿಡಿದು ನಿಂತಿದ್ದರು. ರಾಬರ್ಟ್ ಡ್ಯಾಂಡಿನಾಂಗಿನಲ್ಲಿದ್ದಾನೆ, ಅವನು ತಲೆದಿಂಬಿನ ಹತ್ತಿರ ಮಂಡಿಯೂರಿದ್ದ. ನಾನು ಇಲ್ಲಿ ಕ್ವೇಕರ್ಸ್ ಹಿಲ್‌ನಲ್ಲಿದ್ದೇನೆ. ಕಿಟಕಿಯ ಬದಿಯಲ್ಲಿ ಮಂಜೀತ್ ಕೌರ್ ಇದ್ದಳು.